ವಂಚಿತನ ನಷ್ಟಕ್ಕೆ ಹೊಣೆ ಯಾರು?

“ಡಿಜಿಟಲ್ ಅರೆಸ್ಟ್” ಎಂಬ ಹೆಸರಿನಿಂದ ಕುಪ್ರಸಿದ್ಧವಾದ ವಂಚನೆಗಳ ತನಿಖೆಯನ್ನು ಸಿ.ಬಿ.ಐ.ಯವರು ಆದ್ಯತೆಯಿಂದ ಕೈಗೆತ್ತಿಕೊಳ್ಳತಕ್ಕದ್ದೆಂದು ಸುಪ್ರೀಂ ಕೋರ್ಟು 2025ರ ಡಿಸೆಂಬರ್ 1ರಂದು ಅಪ್ಪಣೆ ಮಾಡಿದ್ದು ನಮ್ಮ ವಾಚಕರಿಗೆ ವಿದಿತವಾದ ಸಂಗತಿಯೇ. ಹರಿಯಾಣದ ಅಂಬಾಲಾ ಪಟ್ಟಣದ ವೃದ್ಧ ದಂಪತಿಗಳು ಬರೆದುಕೊಂಡ ಅಹವಾಲಿನ ಮೇಲಿಂದ ನ್ಯಾಯಮೂರ್ತಿಗಳು ಅದೇ ವರುಷದ ಅಕ್ಟೋಬರದಲ್ಲಿ ತಾವಾಗಿಯೇ ಈ ವಿಷಯವನ್ನು ವಿಚಾರಣೆಗೆ ತೆಗೆದುಕೊಂಡಿದ್ದರು. ವಂಚಕರು ಆ ವೃದ್ಧರಿಗೆ ತೋರಿಸಿ ಬೆದರಿಸಿದ್ದು ಸುಪ್ರೀಂ ಕೋರ್ಟಿನದೇ ಹೆಸರಿನ ಕೃತ್ರಿಮ ಆಜ್ಞಾಪತ್ರಗಳನ್ನು! ದೇಶದ ಪರಮೋಚ್ಚ ನ್ಯಾಯಸ್ಥಾನದ ಮುದ್ರೆಯನ್ನೇ ಸುಲಿಗೆಯ ಸಾಧನವಾಗಿ ಮಾಡಿಕೊಳ್ಳುವಷ್ಟು ಧೈರ್ಯವು ಕಳ್ಳರಿಗೆ ಬಂದಿತ್ತೆಂದ ಮೇಲೆ, ಊರ ಪೋಲೀಸ್ ಠಾಣೆಯ ಹೆಸರಿಗೆ ಅವರು ಅಂಜುವದು ದೂರವೇ ಉಳಿಯಿತು.

ನ್ಯಾಯಸ್ಥಾನದ ಅಪ್ಪಣೆಯಲ್ಲಿ ಒಂದು ಮಾತು ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯಿತು. ಕದ್ದ ಹಣವನ್ನು ಸಾಗಿಸುವದಕ್ಕಾಗಿ ಖಾತೆಗಳನ್ನು ತೆರೆಯಿಸುವಲ್ಲಿ ಬ್ಯಾಂಕಿನ ನೌಕರರ ಕೈವಾಡವಿದ್ದರೆ ಅದನ್ನೂ ಶೋಧಿಸುವ ಸ್ವಾತಂತ್ರ್ಯವು ತನಿಖೆಯವರಿಗೆ ದೊರೆಯಿತು. ಸಿ.ಬಿ.ಐ.ಗೆ ಕೊಟ್ಟಿದ್ದ ಸಾಮಾನ್ಯ ಸಮ್ಮತಿಯನ್ನು ಹಿಂತೆಗೆದುಕೊಂಡ ರಾಜ್ಯಗಳೂ ಈ ಒಂದು ಬಾಬಿನಲ್ಲಿ ಸಮ್ಮತಿ ಕೊಡಬೇಕೆಂದು ನ್ಯಾಯಸ್ಥಾನವು ಹೇಳಿತು. 2024ರ ಸೆಪ್ಟೆಂಬರದಲ್ಲಿ ಹಾಗೆ ಹಿಂತೆಗೆದುಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪಕ್ಷಗಳ ಜಗಳವು ಏನೇ ಇರಲಿ, ಮುದುಕರ ಪಿಂಚಣಿಯ ಹಣವು ಆ ಜಗಳದಲ್ಲಿ ಸಿಕ್ಕಿಕೊಳ್ಳಬಾರದು.

ಈ ಉಪದ್ರವವು ಎಷ್ಟು ಬೆಳೆದಿದೆಯೆಂಬದಕ್ಕೆ ಕೇಂದ್ರ ಸರಕಾರದವರು ಪಾರ್ಲಿಮೆಂಟಿನ ಮುಂದಿಟ್ಟ ಅಂಕಿಗಳೇ ಸಾಕ್ಷಿ. 2023ರಲ್ಲಿ ಎಲ್ಲ ಬಗೆಯ ಸೈಬರ್ ವಂಚನೆಗಳಿಂದ ಜನರು ಕಳೆದುಕೊಂಡ ಮೊಬಲಗು ಸುಮಾರು 7,465 ಕೋಟಿ ರೂಪಾಯಿ. 2024ರಲ್ಲಿ ಅದು 22,845 ಕೋಟಿಗೆ ಏರಿತು. ಒಂದೇ ವರುಷದಲ್ಲಿ ಮೂರು ಪಟ್ಟು! ನಾಚಿಕೆಯಿಂದ ಫಿರ್ಯಾದನ್ನೇ ಕೊಡದೆ ಮನೆಯಲ್ಲಿ ಕುಳಿತವರ ನಷ್ಟವು ಇದರಲ್ಲಿ ಸೇರಿಲ್ಲ. ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ ಭಾಷಣದಲ್ಲಿ ಜನರನ್ನು ಎಚ್ಚರಿಸುವದಕ್ಕಾಗಿ ಇಂಥ ಒಂದು ಸಂಭಾಷಣೆಯನ್ನು ದೇಶಕ್ಕೆಲ್ಲ ಕೇಳಿಸಿದರು. ಆ ಕರೆಯು ಬಂದದ್ದು ನಮ್ಮ ವಿಜಯಪುರದ ನಾಗರಿಕರೊಬ್ಬರಿಗೆ. ಬೆಂಗಳೂರಿನ ವಿದ್ಯಾವಂತರ ಬಡಾವಣೆಗಳಿಗೆ ಮಾತ್ರ ಸಂಬಂಧಿಸಿದ ರೋಗವಿದೆಂದು ಜಿಲ್ಲಾ ಸ್ಥಳಗಳವರು ಸುಮ್ಮನಿರುವ ಹಾಗಿಲ್ಲ.

ಕಳ್ಳರನ್ನು ಹಿಡಿಯುವದು ಒಂದು ಕೆಲಸ. ಅದು ನಡೆಯಲಿ. ಕಳ್ಳರಲ್ಲಿ ಅನೇಕರು ಮ್ಯಾನ್ಮಾರ, ಕಾಂಬೋಡಿಯಗಳ ಕಾವಲು ಕೋಟೆಗಳೊಳಗೆ ಕುಳಿತು ಕೆಲಸ ನಡೆಯಿಸುವವರಾದುದರಿಂದ ಅದು ಬೇಗನೆ ಮುಗಿಯತಕ್ಕದ್ದಲ್ಲ. ನಾವು ಇಂದು ಎತ್ತುವ ಪ್ರಶ್ನೆಯು ಬೇರೆ. ಕಳ್ಳನು ಸಿಗುವವರೆಗೆ, ಅಥವಾ ಸಿಗದೆಯೇ ಹೋದಾಗ, ಹೋದ ಹಣದ ನಷ್ಟವನ್ನು ಯಾರು ಹೊರತಕ್ಕದ್ದು? ಮೋಸಹೋದವನೊಬ್ಬನೇ ಹೊರಬೇಕೋ? ಅವನ ಹಣವನ್ನು ಸಾಗಿಸಿ ಕೊಟ್ಟ ಬ್ಯಾಂಕು, ಅದನ್ನು ಬರಮಾಡಿಕೊಂಡ ಬ್ಯಾಂಕು, ಇವಕ್ಕೆ ಏನೂ ಹೊಣೆಯಿಲ್ಲವೋ?

ರಿಜರ್ವ್ ಬ್ಯಾಂಕಿನವರು ಈ ವಿಷಯದಲ್ಲಿ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2017ರ ಜುಲೈ 6ರಂದು ಅವರು ಹೊರಡಿಸಿದ ಸುತ್ತೋಲೆಯು ಗ್ರಾಹಕರ ಪಾಲಿಗೆ ಒಂದು ಸನದು ಎಂದರೆ ತಪ್ಪಾಗದು. ಬ್ಯಾಂಕಿನ ದೋಷದಿಂದ ಹಣ ಹೋದರೆ ಗ್ರಾಹಕನಿಗೆ ಏನೂ ಹೊಣೆಯಿಲ್ಲ; ಇಬ್ಬರ ದೋಷವೂ ಇಲ್ಲದೆ ನಡುವಣ ವ್ಯವಸ್ಥೆಯಲ್ಲಿ ಸೋರಿಕೆಯಾಗಿ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಹೊಣೆಯಿಲ್ಲ; ನಾಲ್ಕರಿಂದ ಏಳು ದಿನಗಳೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯದ ಖಾತೆಯವನ ಹೊಣೆಯು 10,000 ರೂಪಾಯಿಗಳನ್ನು ಮೀರಕೂಡದು, ಬಡವರ ಮೂಲ ಖಾತೆಗಾದರೆ 5,000. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ಖಾತೆಗೆ ತಾತ್ಪೂರ್ತಿಕವಾಗಿ ಜಮಾ ಮಾಡತಕ್ಕದ್ದು. ತೊಂಬತ್ತು ದಿನಗಳೊಳಗೆ ತೀರ್ಮಾನ ಹೇಳತಕ್ಕದ್ದು. ಎಲ್ಲಕ್ಕೂ ಮಿಗಿಲಾಗಿ, ತಪ್ಪು ಗ್ರಾಹಕನದೆಂದು ರುಜುವಾತು ಮಾಡುವ ಭಾರವನ್ನು ಬ್ಯಾಂಕಿನ ತಲೆಯ ಮೇಲೆಯೇ ಇಟ್ಟರು. ನಮ್ಮ ವಾಚಕರಲ್ಲಿ ಎಷ್ಟು ಜನರು ಈ ಸುತ್ತೋಲೆಯ ಹೆಸರನ್ನಾದರೂ ಕೇಳಿದ್ದಾರೆ? ಶಾಖೆಯ ಗೋಡೆಗಳ ಮೇಲೆ ಸಾಲದ ಜಾಹೀರಾತುಗಳು ಸಿಗುತ್ತವೆ. ಈ ಐದಾರು ಸಾಲುಗಳನ್ನು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದು ತೂಗುಹಾಕಿದ ಶಾಖೆಯು ನಮ್ಮ ಕಣ್ಣಿಗೆ ಬಿದ್ದಿಲ್ಲ.

ಆದರೆ ಈ ಸನದಿನ ಬಾಗಿಲಲ್ಲಿ ಒಂದು ಶಬ್ದವು ಕಾವಲು ನಿಂತಿದೆ: “ಅನಧಿಕೃತ” ವ್ಯವಹಾರ. ಗ್ರಾಹಕನ ಅರಿವಿಲ್ಲದೆ ಹಣ ಹೋದರೆ ಅದು ಅನಧಿಕೃತ. ಗ್ರಾಹಕನು ತನ್ನ ಗುಪ್ತಸಂಖ್ಯೆಯನ್ನು, ಫೋನಿಗೆ ಬಂದ ಓಟಿಪಿಯನ್ನು, ಪರರಿಗೆ ಹೇಳಿದ್ದಾದರೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ ಎಂದು ಅದೇ ಸುತ್ತೋಲೆಯು ವಿಧಿಸಿತು. ಇನ್ನು ಹೆದರಿಕೆಯಿಂದ ತಾನೇ ಬ್ಯಾಂಕಿಗೆ ಹೋಗಿ ಚೀಟಿ ತುಂಬಿ ಹಣ ಕಳುಹಿಸಿದವನ ಗತಿಯೇನು? ಅವನು “ಅಧಿಕೃತ”ವಾಗಿಯೇ ಕಳುಹಿಸಿದ್ದಾನೆ. ಕಾಗದಪತ್ರ ಸರಿಯಾಗಿದೆ, ಸಹಿ ತಾಳೆಯಾಗುತ್ತದೆ. ಬ್ಯಾಂಕು ಕೈ ತೊಳೆದುಕೊಳ್ಳುತ್ತದೆ.

ಇಂದಿನ ವಂಚನೆಯ ರೀತಿಯನ್ನು ಬಲ್ಲವರಿಗೆ ಈ ವಿಭಾಗವು ಎಷ್ಟು ಕೃತಕವೆಂಬದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿವೃತ್ತ ಉಪಾಧ್ಯಾಯನಿಗೋ ವಿಧವೆಯಾದ ವೃದ್ಧೆಗೋ ಕರೆ ಬರುತ್ತದೆ. ನಿಮ್ಮ ಆಧಾರ್ ಸಂಖ್ಯೆಯಿಂದ ಸಿಮ್ ಪಡೆದು ಅಪರಾಧ ನಡೆದಿದೆ, ನಿಮ್ಮ ಹೆಸರಿನ ಪೊಟ್ಟಣದಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಮೊದಲ್ಗೊಂಡು, ಕೆಲವೇ ನಿಮಿಷಗಳಲ್ಲಿ ಪೋಲೀಸರ ಉಡುಪು ಧರಿಸಿದವನು ಪರದೆಯ ಮೇಲೆ ಪ್ರತ್ಯಕ್ಷನಾಗುತ್ತಾನೆ. ಫೋನನ್ನು ಆರಿಸಕೂಡದು, ಮಕ್ಕಳಿಗೆ ಹೇಳಕೂಡದು, ಹೇಳಿದರೆ ಅವರನ್ನೂ ಹಿಡಿಯುತ್ತೇವೆ ಎಂಬ ಬೆದರಿಕೆ. ದಿನಗಟ್ಟಲೆ ಈ ಕಾವಲು ನಡೆದ ಮೇಲೆ, ಠೇವಣಿಯನ್ನು ಮುರಿಸಿ “ಪರಿಶೀಲನೆಗಾಗಿ” ಸರಕಾರದ ಖಾತೆಗೆ ಕಟ್ಟಬೇಕೆಂಬ ಅಪ್ಪಣೆ. ನಮ್ಮ ಕಾಯಿದೆಯಲ್ಲಿ ಡಿಜಿಟಲ್ ಅರೆಸ್ಟ್ ಎಂಬ ಪದ್ಧತಿಯೇ ಇಲ್ಲ. ಆದರೆ ಭಯಗೊಂಡವನು ಕಾಯಿದೆಯ ಪುಸ್ತಕ ತೆರೆದು ನೋಡುತ್ತಾನೆಯೇ? ಆ ಹೊತ್ತಿನ ಅವನ ಬೆರಳಿಗೆ “ಸಮ್ಮತಿ” ಎಂಬ ಹೆಸರು ಕೊಡುವದು ಹಾಸ್ಯಾಸ್ಪದ. 1872ರ ಕರಾರು ಕಾಯಿದೆಯೇ ಬಲಾತ್ಕಾರದಿಂದಾಗಲಿ ಕಪಟದಿಂದಾಗಲಿ ಪಡೆದ ಸಮ್ಮತಿಯು ಸ್ವತಂತ್ರ ಸಮ್ಮತಿಯಲ್ಲವೆಂದು ಸಾರುತ್ತದೆ.

ಸಹಿಯ ಹಿಂದೆ ಹೋಗಿ ನೋಡಬೇಕೆಂಬ ತತ್ತ್ವವು ಈ ನಾಡಿಗೆ ಹೊಸದೂ ಅಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಎದ್ದು ಸಾಹುಕಾರರ ಮನೆಗಳಲ್ಲಿದ್ದ ಸಾಲಪತ್ರಗಳನ್ನು ಕಿತ್ತುಕೊಂಡು ಸುಟ್ಟರು. ದಂಗೆಯು ಸುತ್ತಲಿನ ಊರುಗಳಿಗೂ ಹಬ್ಬಿತು. ಓದು ಬಾರದ ರೈತನ ಹೆಬ್ಬೆಟ್ಟಿನ ಗುರುತನ್ನೇ ಪ್ರಮಾಣವಾಗಿ ಹಿಡಿದು ಕೋರ್ಟುಗಳು ಡಿಕ್ರಿ ಮಾಡುತ್ತಿದ್ದದ್ದು ಆ ಅಸಂತೋಷದ ಮೂಲಗಳಲ್ಲೊಂದು. ಪರದೇಶದ ಪ್ರಭುಗಳು, ಅದೂ ದಂಗೆಯ ಭಯದಿಂದ, 1879ರಲ್ಲಿ ದಖ್ಖಣ ರೈತರ ಪರಿಹಾರ ಕಾಯಿದೆಯನ್ನು ಮಾಡಿದರು. ಪತ್ರದಲ್ಲಿ ಏನು ಬರೆದಿದ್ದರೂ ಸಾಲದ ವ್ಯವಹಾರವನ್ನು ಮೊದಲಿನಿಂದ ಬಿಡಿಸಿ ನೋಡುವ ಅಧಿಕಾರವನ್ನು ಅದು ನ್ಯಾಯಾಧೀಶನಿಗೆ ಕೊಟ್ಟಿತು. ರೈತನು ಬರೆದುಕೊಡುವ ಪತ್ರವು ಗ್ರಾಮದ ರಿಜಿಸ್ಟ್ರಾರನ ಎದುರಿನಲ್ಲಿಯೇ ಆಗಬೇಕೆಂದು ವಿಧಿಸಿತು. ಆ ಕಾಯಿದೆಯ ದೋಷಗಳನ್ನು ಹೇಳುತ್ತ ಹೋದರೆ ಅದೇ ಒಂದು ಲೇಖನವಾದೀತು. ಆದರೂ ಹೆಬ್ಬೆಟ್ಟು ಒತ್ತಿದ ಮಾತ್ರಕ್ಕೆ ಮನುಷ್ಯನು ಒಪ್ಪಿದಂತಾಗಲಿಲ್ಲ ಎಂಬಷ್ಟನ್ನು ಅದು ಕಂಡುಕೊಂಡಿತ್ತು. ಇಂದಿನ ಓಟಿಪಿಯು ಅಂದಿನ ಹೆಬ್ಬೆಟ್ಟೇ.

ಇದಕ್ಕೆ ಬ್ಯಾಂಕಿನವರು ಹೇಳುವ ಉತ್ತರವು ನಮಗೆ ಗೊತ್ತು. ಆ ಸಾಹುಕಾರನು ಸ್ವತಃ ಮೋಸ ಮಾಡಿದವನು. ನಾವಾದರೋ ಗ್ರಾಹಕನ ಅಪ್ಪಣೆಯಂತೆ ಹಣ ಸಾಗಿಸಿದವರು ಮಾತ್ರ, ನಮ್ಮಲ್ಲಿ ಅಪರಾಧವೇನು? ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವದಿಲ್ಲ. ಆದರೆ ಹಣವು ಎಲ್ಲಿಗೆ ಹೋಯಿತೆಂಬದನ್ನು ನೋಡಿದಾಗ ಈ ಉತ್ತರವು ಅರ್ಧಕ್ಕೆ ನಿಲ್ಲುತ್ತದೆ. ವಂಚಕನು ಹಣವನ್ನು ಗಾಳಿಯಲ್ಲಿ ಹಿಡಿಯಲಾರ. ಅದಕ್ಕೊಂದು ಖಾತೆ ಬೇಕು. ಕೂಲಿಯವನಿಗೆ, ಕೆಲಸವಿಲ್ಲದ ಹುಡುಗನಿಗೆ, ಕೆಲವು ಸಾವಿರ ರೂಪಾಯಿಗಳ ಆಸೆ ತೋರಿಸಿ ಅವನ ಹೆಸರಿನಲ್ಲಿ ಖಾತೆ ತೆರೆಯಿಸಿ, ಅದರ ಕಾರ್ಡು, ಸಿಮ್ಮುಗಳನ್ನು ತಾವು ಇಟ್ಟುಕೊಳ್ಳುತ್ತಾರೆ. ಇವಕ್ಕೆ ಮ್ಯೂಲ್ ಖಾತೆಗಳೆಂದು ಹೆಸರು; ಬಾಡಿಗೆ ಖಾತೆ ಎಂದರೆ ನಮ್ಮವರಿಗೆ ಬೇಗ ತಿಳಿದೀತು. ಮುದುಕನ ಇಪ್ಪತ್ತು ಲಕ್ಷವು ಮೊದಲ ಬಾಡಿಗೆ ಖಾತೆಗೆ ಬಿದ್ದ ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಒಡೆದು ಹೋಗಿ, ನಗದಾಗಿಯೋ ಕ್ರಿಪ್ಟೋ ನಾಣ್ಯವಾಗಿಯೋ ಮಾಯವಾಗುತ್ತದೆ. ತಿಂಗಳುಗಟ್ಟಲೆ ನೂರಿನ್ನೂರು ರೂಪಾಯಿ ಮಾತ್ರ ಆಡುತ್ತಿದ್ದ ಖಾತೆಗೆ ಒಂದು ಬೆಳಗ್ಗೆ ಇಪ್ಪತ್ತು ಲಕ್ಷ ಬಂದು ಮಧ್ಯಾಹ್ನಕ್ಕೆ ಬರಿದಾದರೆ, ಅದನ್ನು ಕಾಣಬಲ್ಲವರು ಯಾರು? ಮೋಸಹೋದವನೇ? ಖಾತೆಯ ಪುಸ್ತಕವಿರುವದು ಬ್ಯಾಂಕಿನಲ್ಲಿ. ಖಾತೆದಾರನ ಗುರುತು, ವೃತ್ತಿ, ವರಮಾನಗಳನ್ನು ವಿಚಾರಿಸಿಕೊಳ್ಳುವ ಕರ್ತವ್ಯವೂ ಬ್ಯಾಂಕಿನದೇ. ಕೆವೈಸಿ ಎಂಬ ಮಂತ್ರದಿಂದ ಪ್ರಾಮಾಣಿಕ ಗ್ರಾಹಕನನ್ನು ಅವರು ವರುಷ ವರುಷ ಓಡಾಡಿಸುವದನ್ನು ಯಾರು ಅರಿಯರು!

ಸಾಧನಗಳು ಇಲ್ಲವೆಂದೂ ಹೇಳಬರುವದಿಲ್ಲ. ರಿಜರ್ವ್ ಬ್ಯಾಂಕಿನ ಅಂಗಸಂಸ್ಥೆಯಾಗಿ ಬೆಂಗಳೂರಿನಲ್ಲಿಯೇ ಇರುವ ಇನ್ನೊವೇಶನ್ ಹಬ್ ಎಂಬ ಸಂಸ್ಥೆಯು ಇಂಥ ಖಾತೆಗಳನ್ನು ಗುರುತಿಸುವ ‘ಮ್ಯೂಲ್ ಹಂಟರ್’ ಎಂಬ ಯಂತ್ರವಿದ್ಯೆಯನ್ನು ನಿರ್ಮಿಸಿದೆಯೆಂದು 2024ರ ಡಿಸೆಂಬರದಲ್ಲಿಯೇ ಪ್ರಕಟವಾಯಿತು. ಅದನ್ನು ಉಪಯೋಗಿಸದ ಬ್ಯಾಂಕಿಗೆ ನಷ್ಟವೇನೂ ತಟ್ಟದಿದ್ದರೆ ಅದು ಏಕೆ ಉಪಯೋಗಿಸೀತು? ನಷ್ಟವು ತನ್ನ ಲೆಕ್ಕಕ್ಕೆ ಬರುವದೆಂದು ಗೊತ್ತಾದ ದಿನ ಪ್ರತಿಯೊಂದು ಬ್ಯಾಂಕಿನ ಕಣ್ಣೂ ತೆರೆಯುವದೆಂದು ನಾವು ನಂಬುತ್ತೇವೆ.

ಇಂಗ್ಲಂಡಿನಲ್ಲಿ ಈ ಪ್ರಯೋಗವು ನಡೆದಿದೆ. 2024ರ ಅಕ್ಟೋಬರ್ 7ರಿಂದ ಅಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, ಮೋಸಕ್ಕೊಳಗಾಗಿ ತಾನೇ ಹಣ ಕಳುಹಿಸಿದ ಗ್ರಾಹಕನಿಗೂ 85,000 ಪೌಂಡುಗಳವರೆಗೆ ಹಣವನ್ನು ಮರಳಿ ಕೊಡಬೇಕು; ಆ ಭಾರವನ್ನು ಕಳುಹಿಸಿದ ಬ್ಯಾಂಕೂ ಬರಮಾಡಿಕೊಂಡ ಬ್ಯಾಂಕೂ ಸಮಸಮವಾಗಿ ಹೊರಬೇಕು. ಈ ಎರಡನೆಯ ಅಂಶವೇ ಮುಖ್ಯವಾದದ್ದು. ಸಿಂಗಪುರದವರು ಅದೇ ವರುಷದ ಡಿಸೆಂಬರ್ 16ರಿಂದ ತಂದ ಏರ್ಪಾಡಿನಲ್ಲಿ ಬ್ಯಾಂಕುಗಳ ಜೊತೆಗೆ ಟೆಲಿಫೋನ್ ಕಂಪನಿಗಳನ್ನೂ ಹೊಣೆಗಾರರನ್ನಾಗಿ ಮಾಡಿದರು. ಆದರೆ ಅದು ನಕಲಿ ಜಾಲತಾಣಗಳ ಮೋಸಕ್ಕೆ ಮಾತ್ರ ಅನ್ವಯಿಸುವಂಥದು. ಇಂಗ್ಲಂಡಿನದೆಂಬ ಕಾರಣಕ್ಕಾಗಿ ಯಾವುದನ್ನೂ ಹೊಗಳುವ ಅಭ್ಯಾಸವು ನಮಗಿಲ್ಲ. ಆದರೆ ನಷ್ಟವನ್ನು ಹಂಚಿಹಾಕಿದರೆ ಬ್ಯಾಂಕುಗಳು ಮುಳುಗಿಹೋಗುತ್ತವೆಂದು ಕೂಗುವವರಿಗೆ ತೋರಿಸುವದಕ್ಕೆ ಒಂದು ಉದಾಹರಣೆ ಬೇಕಷ್ಟೆ.

ಹೀಗೆ ಮಾಡಿದರೆ ಜನರು ಅಜಾಗರೂಕರಾಗುವರೆಂಬ ಇನ್ನೊಂದು ವಾದವಿದೆ. ತನ್ನ ಜೀವಮಾನದ ಗಳಿಕೆಯನ್ನು ಪರಿಹಾರ ಸಿಗುವದೆಂಬ ಧೈರ್ಯದಿಂದ ಕಳ್ಳನಿಗೆ ಕೊಟ್ಟು, ತಿಂಗಳುಗಟ್ಟಲೆ ಠಾಣೆ, ಬ್ಯಾಂಕುಗಳನ್ನು ಸುತ್ತಲು ಸಿದ್ಧನಾದ ಮನುಷ್ಯನನ್ನು ನಾವಂತೂ ಕಂಡಿಲ್ಲ. ಆದರೂ ಕಳ್ಳನೊಡನೆ ಶಾಮೀಲಾದವನಿಗೆ, ಬ್ಯಾಂಕು ಸ್ಪಷ್ಟವಾಗಿ ಎಚ್ಚರಿಸಿದ ಮೇಲೂ ಅಲಕ್ಷ್ಯ ಮಾಡಿದವನಿಗೆ, ರಕ್ಷಣೆ ಬೇಡ. ಇಂಗ್ಲಂಡಿನ ನಿಯಮದಲ್ಲಿಯೂ ಘೋರ ನಿರ್ಲಕ್ಷ್ಯಕ್ಕೆ ವಿನಾಯಿತಿ ಇದೆ, ಅಶಕ್ತರ ಮೇಲೆ ಮಾತ್ರ ಆ ಆಕ್ಷೇಪಣೆಯನ್ನು ತರಕೂಡದು. ಬರಿಯ ಎಚ್ಚರಿಕೆಯಿಂದ ಕೆಲಸವಾಗುವಂತಿದ್ದರೆ ಎಂದೋ ಆಗಬೇಕಾಗಿತ್ತು. ಫೋನು ಎತ್ತಿದಾಗಲೆಲ್ಲ ಮೊದಲು ಕೇಳಿಸುತ್ತಿದ್ದ ಸರಕಾರದ ಎಚ್ಚರಿಕೆಯ ಧ್ವನಿಯಿಂದ ಜನರು ಎಷ್ಟು ಬೇಸತ್ತರೆಂದರೆ 2025ರ ಜೂನಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ರಿಜರ್ವ್ ಬ್ಯಾಂಕಿನ ಧೋರಣೆಯಲ್ಲಿಯೂ ಬದಲಾವಣೆಯ ಚಿಹ್ನೆಗಳು ತೋರಿವೆ. 2026ರ ಫೆಬ್ರವರಿ 6ರಂದು ಗವರ್ನರರು, ಸಣ್ಣ ಮೊತ್ತದ ವಂಚನೆಗಳಲ್ಲಿ ನಷ್ಟಪಟ್ಟ ಗ್ರಾಹಕರಿಗೆ 25,000 ರೂಪಾಯಿಗಳವರೆಗೆ ಪರಿಹಾರ ಕೊಡುವ ಒಂದು ಏರ್ಪಾಡಿನ ಪ್ರಸ್ತಾಪವನ್ನು ಸಾರಿದರು. ಕೆಲವು ಪಾವತಿಗಳನ್ನು ತುಸು ತಡೆದು ಜಮಾ ಮಾಡುವ, ವೃದ್ಧರೇ ಮೊದಲಾದವರಿಗೆ ಹೆಚ್ಚಿನ ದೃಢೀಕರಣವನ್ನು ಕೇಳುವ ವಿಚಾರಗಳನ್ನೂ ಮುಂದಿಟ್ಟರು. ಇದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಕೂಲಿಯವನಿಗೆ, ಸಣ್ಣ ಅಂಗಡಿಯವನಿಗೆ 25,000 ರೂಪಾಯಿ ಅಲ್ಪವಲ್ಲ. ಆದರೆ ಡಿಜಿಟಲ್ ಅರೆಸ್ಟಿನಲ್ಲಿ ಸಿಕ್ಕವರು ಕಳೆದುಕೊಳ್ಳುವದು ಲಕ್ಷಗಳನ್ನು. ಆ ಮೇರೆಯನ್ನು ದಾಟಿದ ನಷ್ಟವನ್ನೂ, ಬಾಡಿಗೆ ಖಾತೆಯನ್ನು ಸಾಕಿದ ಬ್ಯಾಂಕಿನ ಪಾಲನ್ನೂ ಗೊತ್ತುಪಡಿಸದೆ ಬಿಟ್ಟರೆ ಏರ್ಪಾಡು ದಾನವಾದೀತೇ ಹೊರತು ಹೊಣೆಯಾಗಲಾರದು.

ತಡೆದು ಜಮಾ ಮಾಡುವ ವಿಚಾರಕ್ಕೆ ವರ್ತಕರಿಂದ ವಿರೋಧ ಬಂದೀತು. 2016ರಲ್ಲಿ ಆರಂಭವಾದ ಯುಪಿಐ ನಮ್ಮವರದೇ ನಿರ್ಮಾಣ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಅದರ ಮೂಲಕ ಎರಡು ಸಾವಿರ ಕೋಟಿಗೂ ಮಿಕ್ಕಿ ವ್ಯವಹಾರಗಳು ನಡೆದವು. ಸಂತೆಯ ತರಕಾರಿಯವಳಿಗೂ ಅದು ಕೈಗೆ ಬಂದಿದೆ. ಅದರ ವೇಗವನ್ನು ಕುಂಠಿತಗೊಳಿಸಿರೆಂದು ನಾವು ಹೇಳುತ್ತಿಲ್ಲ. ಎಂದೂ ಹಣ ಕಳುಹಿಸದ ಖಾತೆಗೆ ಎಪ್ಪತ್ತು ವರುಷದ ವೃದ್ಧರು ಠೇವಣಿ ಮುರಿಸಿ ಲಕ್ಷಗಟ್ಟಲೆ ಕಳುಹಿಸುವಾಗ ಆ ಹಣವು ಕೆಲವು ತಾಸು ನಿಂತರೆ ದೇಶದ ವಾಣಿಜ್ಯಕ್ಕೆ ಯಾವ ಕುಂದೂ ಬಾರದು. 1930 ಎಂಬ ಸಂಖ್ಯೆಗೆ ಕರೆ ಮಾಡಿ ಹಣವನ್ನು ತಡೆಯಿಸುವ ವ್ಯವಸ್ಥೆಯನ್ನು ಸರಕಾರದವರು ಮಾಡಿದ್ದಾರೆ. ಆದರೆ ಮೋಸವು ಅರಿವಿಗೆ ಬರುವಷ್ಟರಲ್ಲಿ ಹಣವೇ ಇಲ್ಲದಿದ್ದರೆ ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಗುತ್ತದೆ.

ಸಾಲದ ಆ್ಯಪ್‌ಗಳ ವಿಷಯವನ್ನು ಇಲ್ಲಿ ನೆನೆಯಬೇಕು. ಏಕೆಂದರೆ ಅಲ್ಲಿ ರಿಜರ್ವ್ ಬ್ಯಾಂಕು ಹೊಣೆಯ ತತ್ತ್ವವನ್ನು ಒಪ್ಪಿಕೊಂಡಾಗಿದೆ. 2021ರಲ್ಲಿ ಅದು ನೇಮಿಸಿದ ಕಾರ್ಯಸಮಿತಿಯು ಸುಮಾರು 1,100 ಸಾಲದ ಆ್ಯಪ್‌ಗಳನ್ನು ಎಣಿಸಿ, ಅವುಗಳಲ್ಲಿ 600ರಷ್ಟು ಕಾಯಿದೆಬಾಹಿರವಾದವೆಂದು ವರದಿ ಮಾಡಿತು. ಸಾಲಗಾರನ ಫೋನಿನಲ್ಲಿದ್ದ ನೆಂಟರಿಷ್ಟರ ಸಂಖ್ಯೆಗಳನ್ನೂ ಚಿತ್ರಗಳನ್ನೂ ಕದ್ದು ಮಾನ ಕಳೆಯುವ ವಸೂಲಿಗಾರರ ಕಾಟದಿಂದ ಪ್ರಾಣ ಕಳೆದುಕೊಂಡವರುಂಟು. 2022ರ ಸೆಪ್ಟೆಂಬರದ ನಿಯಮಗಳು ಫೋನಿನ ಆ ಸಂಗ್ರಹಕ್ಕೆ ಕೈಹಾಕಕೂಡದೆಂದು ವಿಧಿಸಿದವು. ಮಧ್ಯವರ್ತಿಯ ಕೃತ್ಯಕ್ಕೆ ಸಾಲ ಕೊಟ್ಟ ಸಂಸ್ಥೆಯೇ ಉತ್ತರ ಹೇಳಬೇಕೆಂದವು. 2025ರ ಜುಲೈಯಿಂದ ಅಂಗೀಕೃತ ಸಂಸ್ಥೆಗಳ ಆ್ಯಪ್‌ಗಳ ಪಟ್ಟಿಯು ರಿಜರ್ವ್ ಬ್ಯಾಂಕಿನ ಜಾಲತಾಣದಲ್ಲಿ ಸಿಗುತ್ತದೆ. ನಮ್ಮ ರಾಜ್ಯ ಸರಕಾರದವರೂ 2025ರ ಫೆಬ್ರವರಿಯಲ್ಲಿ, ಬಲಾತ್ಕಾರದ ವಸೂಲಿಗೆ ಹತ್ತು ವರುಷಗಳವರೆಗಿನ ಸೆರೆವಾಸವನ್ನು ವಿಧಿಸುವ ಅಧ್ಯಾದೇಶವನ್ನು ಹೊರಡಿಸಿದರು. ಮುಂದೆ ಅದು ಕಾಯಿದೆಯಾಯಿತು. ಆಳು ಮಾಡಿದ ತಪ್ಪಿಗೆ ಒಡೆಯನು ಹೊಣೆಯೆಂಬ ಮಾತು ಸಾಲದಲ್ಲಿ ಸಲ್ಲುವದಾದರೆ, ತಾನು ತೆರೆದ ಖಾತೆಯಲ್ಲಿ ಕಳ್ಳಮಾಲು ಇಳಿದುದಕ್ಕೆ ಬ್ಯಾಂಕು ಹೊಣೆಯೆಂಬದು ಏಕೆ ಸಲ್ಲಬಾರದು?

ಭಾಷೆಯ ಪ್ರಶ್ನೆಯೊಂದು ಉಳಿಯಿತು. ಸಾಲದ ಮುಖ್ಯ ಸಂಗತಿಗಳ ಪತ್ರವು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿಯೇ ಇರತಕ್ಕದ್ದೆಂದು 2024ರಲ್ಲಿ ರಿಜರ್ವ್ ಬ್ಯಾಂಕು ಆಜ್ಞಾಪಿಸಿತು. ಸಾಲಕ್ಕೆ ಸಲ್ಲುವ ಈ ನ್ಯಾಯವು ವಂಚನೆಯ ಎಚ್ಚರಿಕೆಗೆ, ಫಿರ್ಯಾದಿನ ಅರ್ಜಿಗೆ, ಅದರ ತೀರ್ಪಿಗೆ ಸಲ್ಲಬೇಡವೇ? “ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ” ಎಂಬ ಒಂದು ಸಾಲು ಇಂಗ್ಲಿಷಿನಲ್ಲಿ ಬಂದರೆ ಗದಗಿನ ನೇಕಾರನಿಗಾಗಲಿ ಚಳ್ಳಕೆರೆಯ ಶೇಂಗಾ ಬೆಳೆಗಾರನಿಗಾಗಲಿ ಅದರಿಂದೇನು ಪ್ರಯೋಜನ? ಬ್ಯಾಂಕು ಮೂವತ್ತು ದಿನಗಳೊಳಗೆ ಪರಿಹಾರ ಕೊಡದಿದ್ದರೆ ಶುಲ್ಕವಿಲ್ಲದೆ ಓಂಬುಡ್ಸ್‌ಮನ್ನರಿಗೆ ಬರೆದುಕೊಳ್ಳುವ ದಾರಿಯು 2021ರಿಂದ ದೇಶಕ್ಕೆಲ್ಲ ಒಂದೇ ಆಗಿದೆ. ಅದು ಗೊತ್ತಿರುವವರು ಪಟ್ಟಣದ ವಕೀಲರು, ಲೆಕ್ಕಪತ್ರದವರು. ಹಣ ಕಳೆದುಕೊಂಡ ಬಹುಜನರಿಗೆ ಶಾಖೆಯ ಮ್ಯಾನೇಜರನೇ ಕೊನೆಯ ಕೋರ್ಟು.

ಕರ್ನಾಟಕದಲ್ಲಿ ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯೊಂದಿದೆ. ಕೆನರಾ ಬ್ಯಾಂಕು ಅದರ ಸಂಚಾಲಕ. ರಾಜ್ಯ ಸರಕಾರದ ಅಧಿಕಾರಿಗಳೂ ರಿಜರ್ವ್ ಬ್ಯಾಂಕಿನವರೂ ಅದರಲ್ಲಿ ಕೂಡುತ್ತಾರೆ. ರೈತರಿಗೆ ಕೊಟ್ಟ ಸಾಲವೆಷ್ಟು, ಠೇವಣಿಯೆಷ್ಟು ಎಂಬ ಲೆಕ್ಕವು ಅಲ್ಲಿ ಜಿಲ್ಲಾವಾರು ಬರುತ್ತದೆ. ಅದರ ಜೊತೆಗೆ ಇನ್ನು ಮೂರು ಕಲಮುಗಳನ್ನು ಸೇರಿಸಲು ಸರಕಾರದವರು ಕೇಳಲಿ: ಈ ಮೂರು ತಿಂಗಳಲ್ಲಿ ಯಾವ ಬ್ಯಾಂಕಿನಲ್ಲಿ ಎಷ್ಟು ಬಾಡಿಗೆ ಖಾತೆಗಳು ಸಿಕ್ಕವು, ವಂಚನೆಯ ಫಿರ್ಯಾದುಗಳಲ್ಲಿ ತೊಂಬತ್ತು ದಿನಗಳೊಳಗೆ ತೀರಿದವೆಷ್ಟು, ಗ್ರಾಹಕರಿಗೆ ಮರಳಿದ ಹಣವೆಷ್ಟು. ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ. ದಿಲ್ಲಿಯ ಅಪ್ಪಣೆಯನ್ನು ಕಾಯಬೇಕಾಗಿಯೂ ಇಲ್ಲ. ಮುಂದಿನ ಸಭೆಯ ಕಾರ್ಯಕ್ರಮಪತ್ರಿಕೆಯನ್ನು ಸಿದ್ಧಪಡಿಸುವ ಅಧಿಕಾರಿಗಳಲ್ಲಿ ಈ ಪತ್ರಿಕೆಯನ್ನು ಓದುವವರು ಒಬ್ಬಿಬ್ಬರಾದರೂ ಇರುವರೆಂದು ನಾವು ಎಣಿಸಿದ್ದೇವೆ.